ಫೋನ್ ಮತ್ತೆ ಮತ್ತೆ ಅಪ್‌ಡೇಟ್ ಕೇಳುವುದೇಕೆ?

“ಟೀಚರ್, ಈ ಫೋನ್ ಸಾಕಿದ ಬೆಕ್ಕಿನ ಹಾಗೆ. ಬೆಳಿಗ್ಗೆ ಹಾಲು ಹಾಕಿದರೆ ಮಧ್ಯಾಹ್ನ ಮತ್ತೆ ಬಂದು ಕಾಲು ಸುತ್ತುತ್ತದೆ. ಮೊನ್ನೆಯಷ್ಟೇ ಅಪ್‌ಡೇಟ್ ಮಾಡಿದ್ದೆ. ಇವತ್ತು ಪುನಃ ಕೇಳುತ್ತಿದೆ. ಇದನ್ನು ಮಾಡಿದವರಿಗೆ ಒಂದೇ ಸಲ ಸರಿಯಾಗಿ ಮಾಡಲಿಕ್ಕೆ ಬರುವುದಿಲ್ಲವಾ?”

ನಮ್ಮ ವಾರದ ಕುರ್‌ಆನ್ ತರಗತಿ ಮುಗಿದು ಎಲ್ಲರೂ ಬುರ್ಖಾ ಸರಿಪಡಿಸಿಕೊಂಡು ಹೊರಡುವ ಹೊತ್ತಿಗೆ ಹಿರಿಯ ಸಹೋದರಿಯೊಬ್ಬರು ಹೀಗೆ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ನನ್ನಲ್ಲಿರಲಿಲ್ಲ. ಮದ್ರಸದಲ್ಲಿ ಕಲಿತ ಪಾಠವಾಗಲಿ, ಬಿ.ಎ.ಯಲ್ಲಿ ಓದಿದ ಇತಿಹಾಸವಾಗಲಿ ಈ ಪ್ರಶ್ನೆಗೆ ನೆರವಾಗಲಿಲ್ಲ. “ವಿಚಾರಿಸಿ ಹೇಳುತ್ತೇನೆ” ಎಂದು ಜಾರಿಕೊಂಡೆ.

ಅದಾಗಿ ಮೂರು ವಾರಗಳೊಳಗೆ ನಮ್ಮ ಕುಟುಂಬದಲ್ಲೇ ಒಂದು ಘಟನೆ ನಡೆಯಿತು. ನಕ್ಕು ಬಿಟ್ಟಿದ್ದ ಆ ಪ್ರಶ್ನೆ ಗಂಭೀರವಾಗಿ ಎದುರು ಬಂದು ನಿಂತಿತು. ಆ ಘಟನೆಯನ್ನು ಕೊನೆಗೆ ಹೇಳುತ್ತೇನೆ. ಮೊದಲು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಸೋದರಳಿಯನನ್ನು ಕೂರಿಸಿಕೊಂಡು ಕೇಳಿ ತಿಳಿದದ್ದನ್ನೂ ಬಳಿಕ ನಾನಾಗಿ ಓದಿ ಅರಿತದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಪಾತ್ರೆಯಲ್ಲ, ಮನೆ

ನಾವು ಫೋನನ್ನು ಸ್ಟೀಲ್ ಪಾತ್ರೆಯಂತೆ ಭಾವಿಸುತ್ತೇವೆ. ಒಮ್ಮೆ ಕೊಂಡರೆ ಮುಗಿಯಿತು, ತೊಳೆದು ಬಳಸಿದರಾಯಿತು. ಆದರೆ ಫೋನಿನೊಳಗಿರುವ ಸಾಫ್ಟ್‌ವೇರ್ ಪಾತ್ರೆಯಂತಲ್ಲ, ಹೆಂಚಿನ ಮನೆಯಂತೆ. ಎಷ್ಟೇ ಒಳ್ಳೆಯ ಮೇಸ್ತ್ರಿ ಕಟ್ಟಿರಲಿ, ಪ್ರತಿ ಮಳೆಗಾಲಕ್ಕೆ ಮುಂಚೆ ಯಾರಾದರೂ ಮಾಡು ಹತ್ತಿ ಸರಿದ ಹೆಂಚನ್ನು ಕೂರಿಸಬೇಕು, ಒಡೆದದ್ದನ್ನು ಬದಲಿಸಬೇಕು. ಹಾಗೆ ಮಾಡುವುದು ಮೇಸ್ತ್ರಿಗೆ ಅವಮಾನವಲ್ಲ. ಮಾಡದೆ ಬಿಟ್ಟರೆ ಮನೆಯವರಿಗೆ ನಷ್ಟ.

ಒಂದು ಸಾಧಾರಣ ಆ್ಯಪ್‌ನಲ್ಲಿಯೇ ಸಾವಿರಾರು ಸಾಲುಗಳ ಬರಹವಿರುತ್ತದೆ, ದೊಡ್ಡದರಲ್ಲಿ ಲಕ್ಷಾಂತರ. ಬರೆಯುವವರು ಮನುಷ್ಯರೇ. ಅವರು ತಮ್ಮ ಕಚೇರಿಯಲ್ಲಿ ಪರೀಕ್ಷಿಸಿ ನೋಡಿಯೇ ಬಿಡುಗಡೆ ಮಾಡುತ್ತಾರೆ. ಆದರೆ ಅದು ತಲುಪುವುದು ಬೇರೆ ಬೇರೆ ಕಂಪೆನಿಗಳ ಸಾವಿರಾರು ಮಾದರಿಯ ಫೋನ್‌ಗಳಿಗೆ. ಒಂದರಲ್ಲಿ ಜಾಗ ಕಡಿಮೆ, ಇನ್ನೊಂದರಲ್ಲಿ ಹಳೆಯ ಆ್ಯಂಡ್ರಾಯ್ಡ್, ಮತ್ತೊಂದರಲ್ಲಿ ಸಿಗ್ನಲ್ ಬಂದು ಹೋಗುವ ಊರು. ಇವೆಲ್ಲವನ್ನೂ ಒಂದು ಕೋಣೆಯಲ್ಲಿ ಕೂತು ಊಹಿಸಲು ಸಾಧ್ಯವಿಲ್ಲ. ಬಳಸುವವರ ಕೈಗೆ ಬಂದ ಮೇಲೆಯೇ ಹಲವು ದೋಷಗಳು ಗೊತ್ತಾಗುತ್ತವೆ. ಗೊತ್ತಾದದ್ದನ್ನು ತಿದ್ದಿ ಕಳುಹಿಸುವುದೇ ಅಪ್‌ಡೇಟ್.

ಈ ತಿದ್ದುಪಡಿಗಳಿಗೆ ನಂಬರ್ ಕೊಡುವ ಒಂದು ಕ್ರಮವಿದೆ. ಆ್ಯಪ್‌ನ ವಿವರದಲ್ಲಿ 5.3.2 ಎಂಬಂಥ ಅಂಕಿಗಳನ್ನು ನೀವು ನೋಡಿರಬಹುದು. ಅನೇಕ ಕಡೆ ಇದಕ್ಕೊಂದು ಅರ್ಥವಿರುತ್ತದೆ. ಮೊದಲ ಅಂಕಿ ಬದಲಾದರೆ ಮನೆಯ ಗೋಡೆಯನ್ನೇ ಒಡೆದು ಕಟ್ಟಿದಂತೆ, ಹಳೆಯ ಅಭ್ಯಾಸಗಳು ನಡೆಯಲಿಕ್ಕಿಲ್ಲ. ನಡುವಿನ ಅಂಕಿ ಬದಲಾದರೆ ಒಂದು ಹೊಸ ಕೋಣೆ ಸೇರಿಸಿದಂತೆ. ಕೊನೆಯ ಅಂಕಿ ಬದಲಾದರೆ ಹೆಂಚು ಸರಿಪಡಿಸಿದಂತೆ. ನಮ್ಮನ್ನು ಪದೇ ಪದೇ ಕಾಡುವುದು ಹೆಚ್ಚಾಗಿ ಈ ಕೊನೆಯ ಅಂಕಿ. ಹೊರಗಿನಿಂದ ಏನೂ ಬದಲಾದಂತೆ ಕಾಣುವುದಿಲ್ಲ. ಆದ್ದರಿಂದಲೇ ಅದು ನಮಗೆ ಅನಗತ್ಯವೆನಿಸುತ್ತದೆ.

ಎಲ್ಲವನ್ನೂ ಸೇರಿಸಿ ವರ್ಷಕ್ಕೊಮ್ಮೆ ಕೊಡಬಾರದೇ?

ನಾನು ಅಳಿಯನಲ್ಲಿ ಇದನ್ನೇ ಕೇಳಿದೆ. ಅವನು ಮರುಪ್ರಶ್ನೆ ಹಾಕಿದ: “ಮಾಮಿ, ಬಿರಿಯಾನಿಗೆ ಉಪ್ಪು ಹೇಗೆ ಹಾಕುತ್ತೀರಿ?”

ಸ್ವಲ್ಪ ಹಾಕಿ, ರುಚಿ ನೋಡಿ, ಬೇಕಾದರೆ ಮತ್ತೆ ಸ್ವಲ್ಪ. ಹಾಗೆ ಮಾಡಿದಾಗ ಎಲ್ಲಿ ಹೆಚ್ಚಾಯಿತೆಂದು ಕೂಡಲೇ ತಿಳಿಯುತ್ತದೆ. ಉಪ್ಪು, ಖಾರ, ಮಸಾಲೆ ಎಲ್ಲವನ್ನೂ ಒಟ್ಟಿಗೆ ಸುರಿದು ದಮ್ ಹಾಕಿ, ಅತಿಥಿಗಳು ಬಂದು ಕೂತ ಮೇಲೆ ಮುಚ್ಚಳ ತೆರೆದರೆ? ರುಚಿ ಕೆಟ್ಟಿದೆಯೆಂದು ಗೊತ್ತಾಗುತ್ತದೆ, ಯಾವುದರಿಂದ ಕೆಟ್ಟಿತೆಂದು ಗೊತ್ತಾಗುವುದಿಲ್ಲ. ಗೊತ್ತಾದರೂ ಸಮಯವಿರುವುದಿಲ್ಲ.

ಸಾಫ್ಟ್‌ವೇರ್ ಲೋಕವೂ ಈ ಪಾಠವನ್ನು ಪೆಟ್ಟು ತಿಂದೇ ಕಲಿಯಿತು. ಮೈಕ್ರೋಸಾಫ್ಟ್ ಕಂಪೆನಿ 2001ರಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಬಿಡುಗಡೆ ಮಾಡಿತು. ಅದರ ಮುಂದಿನ ದೊಡ್ಡ ಆವೃತ್ತಿ ವಿಸ್ಟಾ ಸಾರ್ವಜನಿಕರ ಕೈ ಸೇರಿದ್ದು 2007ರ ಜನವರಿಯಲ್ಲಿ. ನಡುವೆ ಐದು ವರ್ಷಕ್ಕೂ ಹೆಚ್ಚು ಕಾಲ. ಅಷ್ಟರಲ್ಲಿ ಅದಕ್ಕೆ ಎಷ್ಟೊಂದು ಸಂಗತಿಗಳನ್ನು ತುರುಕಲಾಗಿತ್ತೆಂದರೆ 2004ರಲ್ಲಿ ಕೆಲಸವನ್ನು ಬಹುಮಟ್ಟಿಗೆ ಪುನಃ ಆರಂಭಿಸಬೇಕಾಯಿತು. ಕೊನೆಗೆ ಬಂದಾಗ ಹಳೆಯ ಪ್ರಿಂಟರ್ ನಡೆಯುವುದಿಲ್ಲ, ಕಂಪ್ಯೂಟರ್ ನಿಧಾನವಾಯಿತು ಎಂಬ ದೂರುಗಳೇ ಹೆಚ್ಚಾದವು. ಅನೇಕರು ಎಕ್ಸ್‌ಪಿಯನ್ನೇ ಇಟ್ಟುಕೊಂಡರು.

ಇದಕ್ಕೆ ವಿರುದ್ಧವಾದ ದಾರಿಯೊಂದನ್ನು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತೋರಿಸಿದ್ದರು. ಅವರು 1991ರಲ್ಲಿ ಆರಂಭಿಸಿದ ಲೀನಕ್ಸ್ ಅನ್ನು ಪರಿಪೂರ್ಣವಾಗುವ ತನಕ ಬಚ್ಚಿಡಲಿಲ್ಲ. ಅಷ್ಟಿಷ್ಟು ಸರಿಯಾದ ಕೂಡಲೇ ಹೊರಗೆ ಬಿಡುತ್ತಿದ್ದರು, ಆರಂಭದ ದಿನಗಳಲ್ಲಿ ಕೆಲವೊಮ್ಮೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ. ಲೋಕದ ಮೂಲೆ ಮೂಲೆಯಿಂದ ಜನ ದೋಷ ಹುಡುಕಿ ತಿಳಿಸುತ್ತಿದ್ದರು. ಇಂದು ನಮ್ಮ ಕೈಯಲ್ಲಿರುವ ಆ್ಯಂಡ್ರಾಯ್ಡ್ ಫೋನ್‌ಗಳ ಬುನಾದಿಯಲ್ಲಿರುವುದು ಇದೇ ಲೀನಕ್ಸ್. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ಸಾಫ್ಟ್‌ವೇರ್ ಪರಿಣತರು ಒಂದು ಘೋಷಣೆ ಹೊರಡಿಸಿದರು. ಕೆಲಸ ಮಾಡುವ ಸಾಫ್ಟ್‌ವೇರನ್ನು ಕೆಲವು ವಾರಗಳಿಗೊಮ್ಮೆ ಅಥವಾ ಕೆಲವು ತಿಂಗಳಿಗೊಮ್ಮೆ ಬಳಕೆದಾರರ ಕೈಗೆ ಕೊಡುತ್ತಾ ಹೋಗಬೇಕೆಂಬುದು ಅದರ ತತ್ವಗಳಲ್ಲೊಂದು. ಈಗ ಬಹುತೇಕ ಕಂಪೆನಿಗಳು ಹಿಡಿದಿರುವುದು ಈ ದಾರಿಯನ್ನೇ.

ಕಳ್ಳನಿಗಿಂತ ಮುಂಚೆ ಬಾಗಿಲು ಮುಚ್ಚಲು

ದೋಷ ತಿದ್ದುವುದಷ್ಟೇ ಆಗಿದ್ದರೆ ಸ್ವಲ್ಪ ತಡವಾದರೂ ನಡೆಯುತ್ತಿತ್ತು. ಆದರೆ ಕೆಲವು ದೋಷಗಳು ಗೋಡೆಯ ಬಿರುಕಿನಂತೆ, ಅದರ ಮೂಲಕ ಕಳ್ಳ ನುಸುಳಬಹುದು.

2017ರಲ್ಲಿ ನಡೆದುದನ್ನು ನೋಡಿ. ವಿಂಡೋಸ್‌ನಲ್ಲಿದ್ದ ಅಂಥದೊಂದು ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಆ ಬಿರುಕನ್ನು ಬಳಸಿ ಒಳನುಗ್ಗುವ ಸಾಧನವು ಎಪ್ರಿಲ್‌ನಲ್ಲಿ ಅಂತರ್ಜಾಲದಲ್ಲಿ ಬಹಿರಂಗವಾಯಿತು. ಮೇ 12ರಂದು ವಾನ್ನಾಕ್ರೈ ಎಂಬ ವೈರಸ್ ದಾಳಿ ನಡೆಯಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬೀಗ ಜಡಿದಂತಾದವು. ಕಡತಗಳು ಮರಳಿ ಬೇಕಾದರೆ ಹಣ ಕೊಡಿ ಎಂಬ ಬೆದರಿಕೆ ಪರದೆಯ ಮೇಲೆ ಕಾಣಿಸಿಕೊಂಡಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ಇದರಿಂದ ತೀವ್ರವಾಗಿ ಬಾಧಿತವಾದವು. ಅಲ್ಲಿನ ಲೆಕ್ಕ ಪರಿಶೋಧನಾ ಸಂಸ್ಥೆಯ ಅಂದಾಜಿನಂತೆ ಶಸ್ತ್ರಚಿಕಿತ್ಸೆಗಳೂ ಸೇರಿ 19 ಸಾವಿರಕ್ಕೂ ಹೆಚ್ಚು ರೋಗಿಗಳ ಭೇಟಿಗಳು ರದ್ದಾದವು. ಔಷಧವಿತ್ತು, ಎರಡು ತಿಂಗಳ ಮೊದಲೇ ಬಂದಿತ್ತು. ಅದನ್ನು ಹಾಕಿಕೊಳ್ಳದೆ ಬಿಟ್ಟ ಕಂಪ್ಯೂಟರ್‌ಗಳೇ ಹೆಚ್ಚಾಗಿ ಬಲಿಯಾದವು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಿದ್ದುಪಡಿ ಹೊರಬಂದ ಕೂಡಲೇ ಕಳ್ಳರೂ ಅದನ್ನು ಬಿಚ್ಚಿ ನೋಡುತ್ತಾರೆ. ಏನು ಮುಚ್ಚಿದ್ದಾರೆಂದು ನೋಡಿದರೆ ಎಲ್ಲಿ ತೂತಿತ್ತೆಂದು ತಿಳಿಯುತ್ತದೆ. ಬಳಿಕ ಇನ್ನೂ ಮುಚ್ಚದವರ ಮನೆಯನ್ನು ಹುಡುಕಿಕೊಂಡು ಹೊರಡುತ್ತಾರೆ. ಆದ್ದರಿಂದ ಅಪ್‌ಡೇಟ್ ಬಂದ ಮೇಲೆ ಮಾಡದೆ ಕೂರುವುದು, ಬರುವ ಮುಂಚಿನ ಸ್ಥಿತಿಗಿಂತಲೂ ಅಪಾಯಕಾರಿ. ಗೂಗಲ್ ಕಂಪೆನಿಯ ಕ್ರೋಮ್ 2010ರಲ್ಲಿ ಆರು ವಾರಕ್ಕೊಮ್ಮೆ ಹೊಸ ಆವೃತ್ತಿ ತರುವ ಕ್ರಮಕ್ಕೆ ಬಂದಿತು. 2021ರಲ್ಲಿ ಅದು ನಾಲ್ಕು ವಾರವಾಯಿತು. 2023ರ ಆಗಸ್ಟ್‌ನಲ್ಲಿ ಭದ್ರತೆಯ ತಿದ್ದುಪಡಿಗಳನ್ನು ವಾರಕ್ಕೊಮ್ಮೆ ಕೊಡತೊಡಗಿದರು. ಅದರ ಬರಹವನ್ನು ಯಾರು ಬೇಕಾದರೂ ಓದಬಹುದಾದ್ದರಿಂದ, ತಿದ್ದಿದ ದಿನಕ್ಕೂ ನಮ್ಮ ಫೋನ್ ತಲುಪುವ ದಿನಕ್ಕೂ ನಡುವಿನ ಅಂತರ ಕಳ್ಳನಿಗೆ ಸಿಗುವ ಸಮಯವೆಂದು ಅವರು ಅರಿತರು.

ವಾಟ್ಸಾಪ್‌ನಲ್ಲೂ 2019ರ ಮೇ ತಿಂಗಳಲ್ಲಿ ಇಂಥದೊಂದು ಬಿರುಕು ಪತ್ತೆಯಾಯಿತು. ಒಂದು ಕರೆ ಬಂದರೆ ಸಾಕು, ಎತ್ತದಿದ್ದರೂ ಫೋನಿನೊಳಗೆ ಬೇಹುಗಾರಿಕೆಯ ಪೆಗಾಸಸ್ ತಂತ್ರಾಂಶ ನುಸುಳಬಹುದಾಗಿತ್ತು. ಸುಮಾರು 1,400 ಮಂದಿಯನ್ನು ಗುರಿ ಮಾಡಲಾಗಿತ್ತೆಂದು ವಾಟ್ಸಾಪ್ ತಿಳಿಸಿತು. ಅವರಲ್ಲಿ ಭಾರತದ ಪತ್ರಕರ್ತರೂ ಮಾನವ ಹಕ್ಕುಗಳ ಕಾರ್ಯಕರ್ತರೂ ಇದ್ದರು. ಆಗ ಕಂಪೆನಿ ತನ್ನೆಲ್ಲ ಬಳಕೆದಾರರಿಗೆ ಹೇಳಿದ್ದು ಒಂದೇ ಮಾತು: ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ.

ಲೋಕ ಬದಲಾದಾಗ

ಕೆಲವೊಮ್ಮೆ ಸಾಫ್ಟ್‌ವೇರ್‌ನಲ್ಲಿ ದೋಷವೇ ಇರುವುದಿಲ್ಲ. ಹೊರಗಿನ ಲೋಕ ಬದಲಾಗಿರುತ್ತದೆ.

ಮೊರೊಕ್ಕೋ ದೇಶದ ಉದಾಹರಣೆ ನನಗೆ ಬಹಳ ಹಿಡಿಸಿತು. ಅಲ್ಲಿ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ, ಬಳಿಕ ಹಿಂದಿಡುವ ಕ್ರಮವಿತ್ತು. 2018ರ ಅಕ್ಟೋಬರ್ 28ರ ಭಾನುವಾರ ಗಡಿಯಾರ ಹಿಂದೆ ಹೋಗಬೇಕಾಗಿತ್ತು. ಎರಡೇ ದಿನ ಮೊದಲು, ಶುಕ್ರವಾರ, ಸರಕಾರ ಅದನ್ನು ಹಿಂದಿಡುವುದಿಲ್ಲವೆಂದು ನಿರ್ಧರಿಸಿತು. ರಮಝಾನ್‌ನಲ್ಲಿ ಮಾತ್ರ ಒಂದು ಗಂಟೆ ಹಿಂದಿಡುವುದೆಂದಾಯಿತು. ಮನುಷ್ಯರಿಗೆ ಟಿ.ವಿ.ಯಲ್ಲಿ ಸುದ್ದಿ ತಲುಪಿತು. ಫೋನ್‌ಗಳಿಗೆ ಯಾರು ಹೇಳುವುದು? ಲೋಕದ ಎಲ್ಲ ದೇಶಗಳ ಸಮಯದ ನಿಯಮಗಳನ್ನು ಬರೆದಿಡುವ ಒಂದು ದಾಖಲೆಯಿದೆ, ಫೋನ್‌ಗಳೂ ಕಂಪ್ಯೂಟರ್‌ಗಳೂ ಅದನ್ನೇ ನೆಚ್ಚಿಕೊಂಡಿವೆ. ಅದನ್ನು ನೋಡಿಕೊಳ್ಳುವವರು ಅದೇ ಶುಕ್ರವಾರ ಹೊಸ ಆವೃತ್ತಿ ಹೊರತಂದರು. ಆದರೆ ಎರಡು ದಿನಗಳಲ್ಲಿ ಎಲ್ಲ ಫೋನ್‌ಗಳಿಗೂ ಅದು ತಲುಪೀತೇ? ಅಪ್‌ಡೇಟ್ ಸಿಗದ ಫೋನ್‌ಗಳು ತಪ್ಪು ಸಮಯ ತೋರಿಸಿದವು. 2023ರ ರಮಝಾನ್‌ನಲ್ಲಿ ಲೆಬನಾನ್‌ನಲ್ಲೂ ಹೀಗೆಯೇ ಆಯಿತು. ಗಡಿಯಾರ ಮುಂದಿಡುವುದನ್ನು ರಮಝಾನ್ ಮುಗಿಯುವ ತನಕ ತಡೆಯುವುದಾಗಿ ಸರಕಾರ ಕೊನೆಯ ಗಳಿಗೆಯಲ್ಲಿ ಹೇಳಿತು. ಹಲವರು ಒಪ್ಪಲಿಲ್ಲ. ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆದು, ಕೊನೆಗೆ ಸರಕಾರ ನಿರ್ಧಾರ ಹಿಂದೆಗೆದುಕೊಂಡಿತು. ಫೋನ್ ನೋಡಿ ಇಫ್ತಾರ್‌ಗೆ ಕೂರುವ, ಸಹ್ರಿಗೆ ಏಳುವ ನಮಗೆ ಇದರ ಗಂಭೀರತೆ ಅರ್ಥವಾಗದಿರದು.

ನಮ್ಮ ದೇಶದಲ್ಲೇ ನೋಡಿ. 2010ರ ಜುಲೈಯಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂದಿತು. ಆದರೆ ಅದನ್ನು ಬರೆಯಲು ಯಾವ ಕಂಪ್ಯೂಟರಿಗೂ ತಿಳಿದಿರಲಿಲ್ಲ. ಅದೊಂದು ಅಕ್ಷರಕ್ಕಾಗಿಯೇ ವಿಂಡೋಸ್‌ಗೆ ಪ್ರತ್ಯೇಕ ಅಪ್‌ಡೇಟ್ ಬೇಕಾಯಿತು. ಕನ್ನಡದ ಕಥೆಯೂ ಹಾಗೆಯೇ. ಆರಂಭದ ಹಲವು ಸ್ಮಾರ್ಟ್ ಫೋನ್‌ಗಳಲ್ಲಿ ಕನ್ನಡ ಸಂದೇಶ ಬಂದರೆ ಖಾಲಿ ಚೌಕಗಳು ಮಾತ್ರ ಕಾಣುತ್ತಿದ್ದುದು ನಿಮಗೆ ನೆನಪಿರಬಹುದು. 2012ರಲ್ಲಿ ಬಂದ ಆ್ಯಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡವೂ ಸೇರಿತು. ಚೌಕಗಳು ಅಕ್ಷರಗಳಾದವು.

ಇನ್ನೊಂದನ್ನು ಹೇಳದಿರಲಾರೆ. ಸೌದಿ ಮೂಲದ ರಯೂಫ್ ಅಲ್‌ಹುಮೈದಿ ಎಂಬ ಬಾಲಕಿ ಜರ್ಮನಿಯ ಬರ್ಲಿನ್‌ನಲ್ಲಿದ್ದಳು. ಗೆಳತಿಯರೆಲ್ಲ ವಾಟ್ಸಾಪ್ ಗುಂಪಿನಲ್ಲಿ ತಮ್ಮನ್ನು ಹೋಲುವ ಪುಟ್ಟ ಮುಖಚಿತ್ರಗಳನ್ನು ಆರಿಸಿಕೊಳ್ಳುವಾಗ, ಶಿರವಸ್ತ್ರ ಧರಿಸಿದ ತನ್ನಂಥವಳಿಗೆ ಒಂದೂ ಇಲ್ಲವೆಂದು ಅವಳ ಗಮನಕ್ಕೆ ಬಂದಿತು. ಅವಳು ಸುಮ್ಮನೆ ಗೊಣಗಿ ಬಿಡಲಿಲ್ಲ. 2016ರಲ್ಲಿ, 15ರ ವಯಸ್ಸಿನಲ್ಲಿ, ಈ ಚಿತ್ರಾಕ್ಷರಗಳನ್ನು ನಿರ್ಧರಿಸುವ ಯೂನಿಕೋಡ್ ಸಂಸ್ಥೆಗೆ ಕ್ರಮಬದ್ಧವಾಗಿ ಮನವಿ ಸಲ್ಲಿಸಿದಳು. 2017ರಲ್ಲಿ ಅದು ಅಂಗೀಕಾರವಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಐಫೋನ್‌ಗಳಿಗೆ 11.1 ಎಂಬ ಆವೃತ್ತಿಯ ಮೂಲಕ ಹಿಜಾಬ್ ಧರಿಸಿದ ಮಹಿಳೆಯ ಚಿತ್ರ ಬಂದು ಸೇರಿತು. ಅಂಕಿಯನ್ನು ಗಮನಿಸಿ. ಬದಲಾದುದು ಮೊದಲ ಅಂಕಿಯಲ್ಲ, ಬಿಂದುವಿನ ನಂತರದ ಒಂದು. ಚಿಕ್ಕ ಅಪ್‌ಡೇಟ್. ಲೋಕದ ಕೋಟ್ಯಂತರ ಮುಸ್ಲಿಮ್ ಮಹಿಳೆಯರಿಗೆ ಅದು ಚಿಕ್ಕದಾಗಿರಲಿಲ್ಲ.

ಅಪ್‌ಡೇಟೇ ಕೆಟ್ಟು ಹೋದರೆ?

“ಅಪ್‌ಡೇಟ್ ಮಾಡಿದ ಮೇಲೆಯೇ ನನ್ನ ಫೋನ್ ಹಾಳಾಯಿತು” ಎಂದು ಹೇಳುವವರೂ ಇದ್ದಾರೆ. ಅದನ್ನು ತಳ್ಳಿ ಹಾಕುವಂತಿಲ್ಲ. 2024ರ ಜುಲೈ 19ರ ಶುಕ್ರವಾರ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿ ಕಳುಹಿಸಿದ ಒಂದು ಚಿಕ್ಕ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತು ಹೋದವು. ಬೆಂಗಳೂರೂ ಸೇರಿದಂತೆ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ನಮ್ಮ ದೇಶದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್‌ಗಳನ್ನು ಕೊಡಬೇಕಾಯಿತು. 78 ನಿಮಿಷಗಳಲ್ಲಿ ಕಂಪೆನಿ ತಪ್ಪನ್ನು ಹಿಂದೆಗೆದುಕೊಂಡರೂ, ಅಷ್ಟರಲ್ಲಿ ನಿಂತುಹೋದ ಒಂದೊಂದು ಕಂಪ್ಯೂಟರನ್ನೂ ಕೈಯಿಂದಲೇ ಸರಿಪಡಿಸಬೇಕಾಯಿತು.

ತಪ್ಪಾದದ್ದು ಎಲ್ಲಿ? ಅದನ್ನು ಎಲ್ಲರಿಗೂ ಒಟ್ಟಿಗೆ ಕಳುಹಿಸಿದ್ದರು. ಎಚ್ಚರವುಳ್ಳವರು ಮೊದಲು ನೂರರಲ್ಲಿ ಒಬ್ಬರಿಗೆ ಕಳುಹಿಸುತ್ತಾರೆ. ದೂರು ಬಾರದಿದ್ದರೆ ಐದು, ಹತ್ತು, ಐವತ್ತು ಎಂದು ಏರಿಸುತ್ತಾರೆ. ನಿಮ್ಮ ಫೋನಿಗೆ ಸೋಮವಾರ ಬಂದ ಅಪ್‌ಡೇಟ್ ನಿಮ್ಮ ತಂಗಿಯ ಫೋನಿಗೆ ಗುರುವಾರ ಬರಲು ಇದೂ ಒಂದು ಕಾರಣ. ಆದ್ದರಿಂದ ಫೋನಿನ ರೂಪವನ್ನೇ ಬದಲಿಸುವ ದೊಡ್ಡ ಅಪ್‌ಡೇಟ್‌ಗೆ ಒಂದೆರಡು ವಾರ ಕಾದರೆ ತಪ್ಪಲ್ಲ. ಭದ್ರತೆಯ ಚಿಕ್ಕ ಅಪ್‌ಡೇಟನ್ನು ಕಾಯಿಸಬಾರದು.

ನನ್ನ ಅತ್ತಿಗೆಯ ಕಥೆ

ಈಗ ನಮ್ಮ ಮನೆಯ ಘಟನೆಗೆ ಬರುತ್ತೇನೆ. ಅತ್ತಿಗೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. “ಬರಿ, ಇನ್ನೊಬ್ಬಳಾದರೂ ಉಳಿಯಲಿ” ಎಂದಿದ್ದಾರೆ.

ನನ್ನ ಅಣ್ಣ ಸೌದಿಯಲ್ಲಿದ್ದಾರೆ. ಅತ್ತಿಗೆ ಊರಲ್ಲಿ ಮಕ್ಕಳೊಂದಿಗಿದ್ದಾರೆ. ಒಮ್ಮೆ ಅಪ್‌ಡೇಟ್ ಆದ ಮೇಲೆ ಫೋನಿನಲ್ಲಿ ಎಲ್ಲವೂ ಸ್ಥಳ ಬದಲಾಯಿಸಿದವೆಂದು ಬೇಸತ್ತು ಅವರು ಎಲ್ಲ ಅಪ್‌ಡೇಟ್‌ಗಳನ್ನೂ ನಿಲ್ಲಿಸಿಬಿಟ್ಟಿದ್ದರು. ಹೀಗಿರುವಾಗ ಒಂದು ಸಂಜೆ ವಾಟ್ಸಾಪ್‌ನಲ್ಲಿ ಬ್ಯಾಂಕಿನ ಹೆಸರಲ್ಲಿ ಸಂದೇಶ ಬಂದಿತು. ನಿಮ್ಮ ಬ್ಯಾಂಕ್ ಆ್ಯಪ್ ಬಹಳ ಹಳೆಯದಾಗಿದೆ, ಇಂದು ರಾತ್ರಿಯೊಳಗೆ ಅಪ್‌ಡೇಟ್ ಮಾಡದಿದ್ದರೆ ಖಾತೆ ಸ್ಥಗಿತವಾಗುತ್ತದೆ ಎಂದಿತ್ತು. ಕೆಳಗೆ ಒಂದು ಫೈಲ್. ವರ್ಷದಿಂದ ಅಪ್‌ಡೇಟ್ ಮಾಡಿಲ್ಲವೆಂಬ ಅಳುಕು ಮನಸ್ಸಿನಲ್ಲಿ ಇದ್ದೇ ಇತ್ತು. ಒತ್ತಿದರು. ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರು. ನಿಜವಾದ ಅಪ್‌ಡೇಟ್‌ಗಳನ್ನೆಲ್ಲ ದೂರವಿಟ್ಟವರು ಸುಳ್ಳು ಅಪ್‌ಡೇಟನ್ನು ಒಳಗೆ ಕರೆದರು.

ಇಶಾ ನಮಾಝ್ ಮುಗಿಸಿ ನೋಡುವಾಗ ಮಗಳ ನರ್ಸಿಂಗ್ ಫೀಸಿಗೆಂದು ಕೂಡಿಟ್ಟಿದ್ದ 86 ಸಾವಿರ ರೂಪಾಯಿ ನಾಲ್ಕು ಕಂತುಗಳಲ್ಲಿ ಹೋಗಿತ್ತು.

ಹಣ ಹೋದದ್ದು ಒಂದು ದುಃಖ. ಅದಕ್ಕಿಂತ ದೊಡ್ಡದು, ಅವರು ಮೂರು ದಿನ ಯಾರಿಗೂ ಹೇಳಲಿಲ್ಲ. ಅಣ್ಣ ಕರೆ ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದರು. ನಾಲ್ಕನೆಯ ದಿನ ನಮ್ಮ ಮನೆಗೆ ಬಂದು ಅಡುಗೆ ಕೋಣೆಯಲ್ಲಿ ನಿಂತು ಅತ್ತರು. ನಾವು ಕೂಡಲೇ 1930 ನಂಬರಿಗೆ ಕರೆ ಮಾಡಿದೆವು, ಬ್ಯಾಂಕಿಗೂ ಓಡಿದೆವು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದ್ದರೆ ಹಣ ಕೈ ಬದಲಾಗುವ ಮುಂಚೆ ತಡೆಯಲು ಹೆಚ್ಚಿನ ಅವಕಾಶವಿತ್ತೆಂದು ಅಲ್ಲಿ ಹೇಳಿದರು. ಒಂದಷ್ಟು ಮೊತ್ತ ಮಾತ್ರ ತಡೆಹಿಡಿಯಲ್ಪಟ್ಟಿತು.

“ಯಾಕೆ ಅತ್ತಿಗೆ, ಅದೇ ರಾತ್ರಿ ಹೇಳಬಾರದಿತ್ತೇ?” ಎಂದು ಕೇಳಿದೆ. “ನಿನಗೆ ಫೋನ್ ಕೊಟ್ಟದ್ದೇ ತಪ್ಪು ಎಂದು ಎಲ್ಲರೂ ಹೇಳುತ್ತಾರಲ್ಲ” ಎಂದರು.

ಆ ರಾತ್ರಿ ನಾನೇ ಪಕ್ಕದಲ್ಲಿ ಕೂತು ಅಣ್ಣನಿಗೆ ಕರೆ ಮಾಡಿಸಿದೆ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ, “ಹಣ ಹೋಯಿತು, ಅಲ್ಲಾಹನು ಬೇರೆ ದಾರಿ ತೋರಿಸುತ್ತಾನೆ. ನನಗೆ ಹೇಳಲು ನಿನಗೆ ಹೆದರಿಕೆಯಾಯಿತಲ್ಲ, ಅದು ನನ್ನ ತಪ್ಪು” ಎಂದರು. ಅತ್ತಿಗೆ ಆ ಮೂರು ದಿನಗಳಲ್ಲಿ ಅಂದು ಮೊದಲ ಬಾರಿಗೆ ಸರಿಯಾಗಿ ಊಟ ಮಾಡಿದರು.

ಇದನ್ನು ಅಳಿಯನಿಗೆ ಹೇಳಿದಾಗ ಅವನು ತನ್ನ ಕೆಲಸದ ಒಂದು ರೀತಿಯನ್ನು ತಿಳಿಸಿದ. ಒಳ್ಳೆಯ ಸಾಫ್ಟ್‌ವೇರ್ ತಂಡಗಳಲ್ಲಿ ತಪ್ಪಾದಾಗ ‘ಯಾರು ಮಾಡಿದರು?’ ಎಂದು ಮೊದಲು ಕೇಳುವುದಿಲ್ಲವಂತೆ. ‘ಹೇಗಾಯಿತು? ಇನ್ನೊಮ್ಮೆ ಆಗದಂತೆ ಏನು ಮಾಡಬೇಕು?’ ಎಂದು ಕೇಳುತ್ತಾರೆ. ಬೈಗಳಿದ್ದಲ್ಲಿ ಜನ ತಪ್ಪನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ತಪ್ಪು ಒಳಗೊಳಗೇ ಬೆಳೆಯುತ್ತದೆ. ಹೆದರಿಕೆಯಿಲ್ಲದೆ ಹೇಳುವಂತಿದ್ದರೆ ಮಾತ್ರ ತಪ್ಪು ಚಿಕ್ಕದಿರುವಾಗಲೇ ಹೊರಬರುತ್ತದೆ. ಪದೇ ಪದೇ ಚಿಕ್ಕ ಅಪ್‌ಡೇಟ್ ಕೊಡುವ ಕ್ರಮ ನಿಂತಿರುವುದೇ ಈ ನಂಬಿಕೆಯ ಮೇಲೆ. ನನಗೆ ಅನಿಸಿತು, ಇದು ಕಚೇರಿಗಿಂತ ಹೆಚ್ಚು ಬೇಕಾಗಿರುವುದು ನಮ್ಮ ಮನೆಗಳಿಗೆ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಮಾತು

ಅಪ್‌ಡೇಟನ್ನು ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಅಥವಾ ಫೋನಿನ ಸೆಟ್ಟಿಂಗ್ಸ್ ಮೂಲಕ ಮಾತ್ರ ಮಾಡಿ. ವಾಟ್ಸಾಪ್ ಅಥವಾ ಎಸ್ಸೆಮ್ಮೆಸ್‌ನಲ್ಲಿ ಬಂದ ಲಿಂಕ್, ಎಪಿಕೆ ಎಂದು ಕೊನೆಗೊಳ್ಳುವ ಫೈಲ್ ಯಾವುದನ್ನೂ ಒತ್ತಬೇಡಿ. ಅದು ಮದುವೆಯ ಆಮಂತ್ರಣವೆಂದಿರಲಿ, ವಾಹನದ ದಂಡವೆಂದಿರಲಿ, ಬ್ಯಾಂಕ್ ಎಂದಿರಲಿ. ಸುದ್ದಿ ಬಂದಾಗ ನಂಬುವ ಮುಂಚೆ ಪರಿಶೀಲಿಸಬೇಕೆಂದು ಅಲ್‌ಹುಜುರಾತ್ ಅಧ್ಯಾಯವು ನಮಗೆ ಆಜ್ಞಾಪಿಸಿದೆ. ಆ ಆಜ್ಞೆ ಫೋನಿಗೆ ಬರುವ ಸುದ್ದಿಗೂ ಅನ್ವಯಿಸುತ್ತದೆ.

ಸ್ವಯಂಚಾಲಿತ ಅಪ್‌ಡೇಟನ್ನು ವೈಫೈ ಇರುವಾಗ ಮಾತ್ರ ಆಗುವಂತೆ ಇಟ್ಟುಕೊಳ್ಳಬಹುದು. ರಾತ್ರಿ ಚಾರ್ಜಿಗಿಟ್ಟಾಗ ಅದು ತಾನಾಗಿ ಆಗುತ್ತದೆ. ಜಾಗ ಸಾಲದಿದ್ದರೆ ಆ್ಯಪ್‌ಗಳನ್ನು ದೂರುವ ಮುಂಚೆ ವರ್ಷಗಳಿಂದ ಕೂಡಿಬಿದ್ದಿರುವ ‘ಜುಮಾ ಮುಬಾರಕ್’ ಚಿತ್ರಗಳನ್ನೂ ವೀಡಿಯೋಗಳನ್ನೂ ಅಳಿಸಿ. ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕ ಕಾಣುತ್ತದೆ. ಅದು ಎರಡು ಮೂರು ವರ್ಷ ಹಳೆಯದಾಗಿದ್ದು ಹೊಸದು ಬರುವುದೇ ನಿಂತಿದ್ದರೆ ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಕುರ್‌ಆನ್ ಪಾರಾಯಣ ಕೇಳಲು, ಮಕ್ಕಳ ಫೋಟೋ ತೆಗೆಯಲು ಬಳಸಿಕೊಳ್ಳಿ.

ಮೋಸ ಹೋದಿರೆಂದು ತಿಳಿದ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಆ ಮೇಲೆ ಅಳಬಹುದು. ಮನೆಯ ಗಂಡಸರಿಗೂ ಒಂದು ಮಾತು: ಹೆಂಡತಿಯೋ ತಾಯಿಯೋ ಮಗಳೋ ಬಂದು ಹೇಳಿದಾಗ ಮೊದಲ ವಾಕ್ಯ ಬೈಗಳಾಗದಿರಲಿ.

ಚಿಕ್ಕದು, ಆದರೆ ನಿರಂತರ

ದೇವವಾಣಿಯನ್ನೂ ಮನುಷ್ಯ ಬರೆದ ಸಾಫ್ಟ್‌ವೇರನ್ನೂ ಹೋಲಿಸುವುದು ನನ್ನ ಉದ್ದೇಶವಲ್ಲ. ಕುರ್‌ಆನ್ ತಿದ್ದುಪಡಿ ಬೇಕಿಲ್ಲದ ಗ್ರಂಥ. ತಿದ್ದುಪಡಿ ಬೇಕಾಗಿರುವುದು ನಮಗೆ. ಅಲ್ಲಾಹನಿಗೆ ಹೆಚ್ಚು ಪ್ರಿಯವಾದ ಕರ್ಮವು ಚಿಕ್ಕದಾಗಿದ್ದರೂ ನಿರಂತರವಾಗಿ ಮಾಡುವಂಥದ್ದೆಂದು ಪ್ರವಾದಿ(ಸ) ಕಲಿಸಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ರಮಝಾನ್‌ನಲ್ಲಿ ಒಂದೇ ಸಲ ಎಲ್ಲವನ್ನೂ ಸರಿಪಡಿಸಿ ಶವ್ವಾಲ್‌ನಲ್ಲಿ ಬಿಟ್ಟುಬಿಡುವವರು ನಾವು. ಐದು ವರ್ಷ ಕಾದು ಬಂದ ಆ ದೊಡ್ಡ ಆವೃತ್ತಿಯಂತೆ ಅದು ಬಹಳ ಕಾಲ ನಡೆಯುವುದಿಲ್ಲ. ದಿನಕ್ಕೆ ನಾಲ್ಕು ಆಯತ್‌ಗಳ ಅರ್ಥ, ರಾತ್ರಿ ಮಲಗುವ ಮುಂಚೆ ಇಂದು ಯಾರ ಮನಸ್ಸು ನೋಯಿಸಿದೆ ಎಂಬ ಒಂದು ಪ್ರಶ್ನೆ, ಮರುದಿನ ಒಂದು ಕ್ಷಮೆ. ನಾಳೆ ಲೆಕ್ಕ ಕೇಳುವ ಮುಂಚೆ ಇಂದೇ ಲೆಕ್ಕ ನೋಡಿಕೊಳ್ಳುವುದೆಂದರೆ ಇದೇ.

ಮುಂದಿನ ವಾರದ ತರಗತಿಯಲ್ಲಿ ಆ ಹಿರಿಯ ಸಹೋದರಿಗೆ ಉತ್ತರ ಹೇಳಿದೆ: “ಒಂದೇ ಸಲ ಸರಿಯಾಗಿ ಮಾಡಲಿಕ್ಕೆ ಅವರಿಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಅದನ್ನು ಒಪ್ಪಿಕೊಂಡದ್ದರಿಂದಲೇ ಮತ್ತೆ ಮತ್ತೆ ತಿದ್ದಿ ಕಳುಹಿಸುತ್ತಾರೆ.”

“ಹಾಗಾದರೆ ಬೆಕ್ಕಿಗೆ ಹಾಲು ಹಾಕಲೇಬೇಕು” ಎಂದು ಅವರು ಫೋನ್ ಹೊರತೆಗೆದರು. ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಅದನ್ನು ಕೈಗೆತ್ತಿಕೊಂಡು, ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ತೋರಿಸಿಕೊಡತೊಡಗಿದರು.